ಬಾಳೆ ಎಲೆಯಡಿಯ ಜಾಲರಿ ತಿಗಣೆ: ‘ಸ್ಟೆಫನೈಟಿಸ್’ ಕುಲವನ್ನು ಗುರುತಿಸುವ ಕ್ರಮ



ಹೊಸ ಅಡಿಕೆ ತೋಟದಲ್ಲಿ ಎಳೆಯ ಸಸಿಗಳಿಗೆ ನೆರಳಾಗಲೆಂದು ಬಾಳೆ ನೆಡುವುದು ನಮ್ಮ ಸೀಮೆಯ ರೂಢಿ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ ನಾಲೆಯ ನೀರು ಕಂಡ ಬಯಲುಗಳಲ್ಲಿ ಅಡಿಕೆ, ತೆಂಗು, ಬಾಳೆ ಒಂದೇ ತೋಟದಲ್ಲಿ ಬೆಳೆಯುವುದು ಹೆಚ್ಚಾಗಿದೆ. ಅರಕಲಗೂಡಿನ ಪಶ್ಚಿಮದ ಕಾಫಿ ತೋಟಗಳ ತಗ್ಗಿನಲ್ಲೂ ಅಡಿಕೆಯ ಸಾಲಿನ ನಡುವೆ ಬಾಳೆ, ಏಲಕ್ಕಿ, ಅರಿಶಿನ ಇವು ಇದ್ದೇ ಇರುತ್ತವೆ. ಇಂತಹ ತೋಟಗಳಲ್ಲಿ ಬೇಸಿಗೆ ಕಾಲಿಟ್ಟೊಡನೆ ಬಾಳೆ ಎಲೆಯ ಮೇಲೆ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಎಲೆಯ ಮೇಲ್ಭಾಗದಲ್ಲಿ ಹಿಟ್ಟು ಉದುರಿಸಿದಂತೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಮೂಡುತ್ತವೆ. ದಿನ ಕಳೆದಂತೆ ಚುಕ್ಕೆಗಳು ಕೂಡಿಕೊಂಡು ಎಲೆ ಮಾಸಲು ಹಳದಿಯಾಗುತ್ತದೆ. ಕೆಳಗಿನ ಎಲೆಗಳು ಅವಧಿಗೆ ಮೊದಲೇ ಒಣಗುತ್ತವೆ.

ಇದನ್ನು ಕಂಡವರು ಸಾಮಾನ್ಯವಾಗಿ ಮಾಡುವ ಊಹೆ ಮೂರು: ಪೊಟ್ಯಾಷ್ ಕಡಿಮೆಯಾಯಿತು ಎನ್ನುವವರು ಒಬ್ಬರು, ಎಲೆಚುಕ್ಕೆ ರೋಗ ಎನ್ನುವವರು ಇನ್ನೊಬ್ಬರು, ಬಿಸಿಲಿನ ಝಳ ಎನ್ನುವವರು ಮತ್ತೊಬ್ಬರು. ಮೊದಲನೆಯವರು ಗೊಬ್ಬರ ಹಾಕುತ್ತಾರೆ, ಎರಡನೆಯವರು ಬೋರ್ಡೋ ದ್ರಾವಣ ಕಲಸುತ್ತಾರೆ, ಮೂರನೆಯವರು ಸುಮ್ಮನಿರುತ್ತಾರೆ. ಈ ಮೂವರಲ್ಲಿ ಹೆಚ್ಚು ಖರ್ಚಿಲ್ಲದೆ ಪಾರಾಗುವವರು ಮೂರನೆಯವರೇ ಎಂಬುದು ವಿನೋದದ ಮಾತಾದರೂ ನಿಜ. ಮೂವರೂ ಮಾಡದೆ ಬಿಟ್ಟ ಕೆಲಸ ಒಂದೇ. ಎಲೆಯನ್ನು ಮಗುಚಿ ನೋಡಲಿಲ್ಲ.

ಮಗುಚಿ ನೋಡಿದರೆ ನಡುದಿಂಡಿನ ಅಕ್ಕಪಕ್ಕದಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಕೀಟಗಳು ಗುಂಪು ಕಟ್ಟಿಕೊಂಡು ಕುಳಿತಿರುತ್ತವೆ. ಅವುಗಳ ಸುತ್ತ ಟಾರಿನ ಹನಿ ಸಿಡಿದಂತೆ ಕಪ್ಪು ಹಿಕ್ಕೆಯ ಚುಕ್ಕೆಗಳೂ, ಮರಿಗಳು ಕಳಚಿಬಿಟ್ಟ ಬಿಳಿಯ ಪೊರೆಗಳೂ ಅಂಟಿಕೊಂಡಿರುತ್ತವೆ. ಇದೇ ಜಾಲರಿ ತಿಗಣೆ. ಇದರ ಕುಲದ ಹೆಸರು ಸ್ಟೆಫನೈಟಿಸ್. ಇದನ್ನು ತಪ್ಪಿಲ್ಲದೆ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದೇ ಈ ಪಾಠದ ವಿಷಯ.

ಹೆಸರಿನ ಗೊಂದಲ

ಮೊದಲಿಗೆ ಹೆಸರನ್ನು ಸರಿಪಡಿಸಿಕೊಳ್ಳೋಣ. ಕೆಲವು ಕೈಪಿಡಿಗಳಲ್ಲಿ ಇದನ್ನು ‘ಲೇಸ್ ವಿಂಗ್ ತಿಗಣೆ’ ಎಂದು ಬರೆದಿರುತ್ತಾರೆ. ‘ಹಸಿರು ಲೇಸ್ ವಿಂಗ್’ ಎಂಬ ಇನ್ನೊಂದು ಕೀಟವಿದೆ. ಅದು ತಿಳಿಹಸಿರು ಮೈಯ, ಬಂಗಾರದ ಬಣ್ಣದ ಕಣ್ಣಿನ, ರಾತ್ರಿ ದೀಪಕ್ಕೆ ಬರುವ ಸುಕುಮಾರ ಹುಳು. ಅದರ ಮರಿ ಹೇನು, ಹಿಟ್ಟುತಿಗಣೆಗಳನ್ನು ಹಿಡಿದು ತಿನ್ನುವುದರಿಂದ ಅದು ನಮ್ಮ ಮಿತ್ರ. ಹೆಸರು ಒಂದೇ ತರಹ ಇದ್ದ ಮಾತ್ರಕ್ಕೆ ಎರಡೂ ಒಂದಲ್ಲ. ಆದ್ದರಿಂದ ಈ ಲೇಖನದಲ್ಲಿ ‘ಜಾಲರಿ ತಿಗಣೆ’ ಎಂಬ ಮಾತನ್ನೇ ಬಳಸಿದೆ.

‘ಕುಲ’ ಎಂದರೇನೆಂದು ಕಾಫಿ ಬೆಳೆಗಾರರಿಗೆ ವಿವರಿಸುವುದು ಸುಲಭ. ಅರಾಬಿಕಾ, ರೊಬಸ್ಟಾ ಎರಡೂ ‘ಕಾಫಿಯಾ’ ಎಂಬ ಒಂದೇ ಕುಲಕ್ಕೆ ಸೇರಿದ ಎರಡು ಪ್ರಭೇದಗಳು. ನೋಡಲು ಬೇರೆ, ಬೇಕಾಗುವ ಎತ್ತರ ಬೇರೆ, ರೋಗ ತಡೆಯುವ ಶಕ್ತಿ ಬೇರೆ. ಆದರೂ ಹೂವು, ಹಣ್ಣು, ಬೀಜದ ರಚನೆಯಲ್ಲಿ ಒಂದೇ ಮನೆತನ. ಕೀಟಗಳಲ್ಲೂ ಹೀಗೆಯೇ. ಸ್ಟೆಫನೈಟಿಸ್ ಎಂಬುದು ಕುಲ. ನಮ್ಮ ಬಾಳೆ, ತೆಂಗಿನಲ್ಲಿರುವುದು ಅದರ ‘ಟೈಪಿಕಾ’ ಎಂಬ ಪ್ರಭೇದ. ಸ್ವೀಡನ್ನಿನ ಕಾರ್ಲ್ ಸ್ಟಾಲ್ ಎಂಬ ವಿದ್ವಾಂಸರು 1873ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಸ್ಟೆಫನೋಸ್’ ಎಂದರೆ ಕಿರೀಟ. ಕೀಟದ ತಲೆಯ ಮೇಲಿನ ಗುಳ್ಳೆಯನ್ನು ನೋಡಿದವರಿಗೆ ಈ ಹೆಸರು ಬೇಗ ನೆನಪಿನಲ್ಲಿ ಉಳಿಯುತ್ತದೆ. ನಮ್ಮ ಪ್ರಭೇದವನ್ನು 1903ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಡಬ್ಲ್ಯು. ಎಲ್. ಡಿಸ್ಟೆಂಟ್, ಬ್ರಿಟಿಷ್ ಇಂಡಿಯಾದ ತಿಗಣೆಗಳ ಬಗ್ಗೆ ಹಲವು ಸಂಪುಟ ಬರೆದವರು ಅವರೇ.

ಇದೇ ಕುಲದ ದಾಯಾದಿಗಳು ಹೊರದೇಶಗಳಲ್ಲೂ ಇದ್ದಾರೆ. ಯೂರೋಪಿನಲ್ಲಿ ಪೇರು ಹಣ್ಣಿನ ಮರಕ್ಕೆ ಒಂದು, ಜಪಾನಿನಿಂದ ಅಮೆರಿಕಕ್ಕೆ ಹೋಗಿ ಅಲ್ಲಿನ ಅಜೇಲಿಯ ಹೂಗಿಡಗಳನ್ನು ಕಾಡುತ್ತಿರುವುದು ಇನ್ನೊಂದು. ಎಲ್ಲಕ್ಕೂ ಎಲೆಯ ಅಡಿಯೇ ಮನೆ, ಎಲ್ಲದರ ಹಾನಿಯೂ ಬಿಳಿ ಚುಕ್ಕೆಯೇ. ಕುಲ ತಿಳಿದರೆ ಕೀಟದ ನಡತೆಯ ಅರ್ಧ ಭಾಗ ತಿಳಿದಂತೆ ಎಂಬುದು ಇದಕ್ಕೇ.

ಗುರುತಿಸುವ ಮೊದಲ ಮೆಟ್ಟಿಲು

ಇದಕ್ಕೆ ಬೇಕಾದ ಉಪಕರಣ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಹಾಳೆ ಬಿಳಿ ಕಾಗದ. ಬೆಳಗಿನ ತಂಪು ಹೊತ್ತಿನಲ್ಲಿ ಕೀಟಗಳು ಮಂದವಾಗಿರುತ್ತವೆ. ಆಗ ನೋಡುವುದು ಮೇಲು. ಬಾಳೆಯ ಮೇಲಿನ ಎಳೆ ಎಲೆ ಬಿಟ್ಟು ನಡುವಿನ ಬಲಿತ ಎಲೆಯಿಂದ ಒಂದು ಅಂಗೈಯಗಲ ತುಂಡನ್ನು ಕತ್ತರಿಸಿ, ಅಡಿಭಾಗ ಮೇಲಾಗುವಂತೆ ಕಾಗದದ ಮೇಲಿಡಿ.

ಈಗ ರೆಕ್ಕೆಯನ್ನು ನೋಡಿ. ಸಾಮಾನ್ಯ ತಿಗಣೆಯ ಮುಂರೆಕ್ಕೆಯಲ್ಲಿ ಬುಡದ ಭಾಗ ಚರ್ಮದಂತೆ ದಪ್ಪವಾಗಿಯೂ ತುದಿಯ ಭಾಗ ಪೊರೆಯಂತೆ ತೆಳುವಾಗಿಯೂ ಇರುತ್ತದೆ. ಜಾಲರಿ ತಿಗಣೆಯಲ್ಲಿ ಈ ಭೇದವಿಲ್ಲ. ಬುಡದಿಂದ ತುದಿಯವರೆಗೆ ಇಡೀ ರೆಕ್ಕೆ ಜಾಲರಿಯ ಕಣ್ಣುಗಳಂತೆ ಪುಟ್ಟ ಪುಟ್ಟ ಮನೆಗಳಿಂದ ತುಂಬಿರುತ್ತದೆ. ಎದೆಯ ಮೇಲ್ಭಾಗವೂ ಹಾಗೆಯೇ, ಜಾಲರಿ. ಅದು ಹಿಂದಕ್ಕೆ ಮೂರು ಮೂಲೆಯ ಬಾಲದಂತೆ ಚಾಚಿಕೊಂಡಿರುತ್ತದೆ. ಕುಡಿಮೀಸೆಗೆ ನಾಲ್ಕು ಗೆಣ್ಣು. ಅದರಲ್ಲಿ ಮೂರನೆಯದು ಎಲ್ಲಕ್ಕಿಂತ ಉದ್ದ. ಇಷ್ಟು ಕಂಡರೆ ಅದು ‘ಟಿಂಜಿಡೆ’ ಕುಟುಂಬದ ಕೀಟವೆಂದು ನಿಶ್ಚಯಿಸಬಹುದು. ಪ್ರಪಂಚದಲ್ಲಿ ಈ ಕುಟುಂಬದ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳ ಆಹಾರ ಸಸ್ಯವೇ. ಮನುಷ್ಯರ, ದನಕರುಗಳ ರಕ್ತ ಹೀರುವ ಹಾಸಿಗೆಯ ತಿಗಣೆ ಬೇರೆಯೇ ಕುಟುಂಬದ್ದು. ತೋಟದ ತಿಗಣೆ ಮನೆ ಸೇರೀತೆಂದು ಹೆದರುವವರಿಗೆ ಈ ಮಾತು.

ಎರಡನೆಯ ಮೆಟ್ಟಿಲು: ಸ್ಟೆಫನೈಟಿಸ್ ಹೌದೋ ಅಲ್ಲವೋ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ನಾಲ್ಕು ಲಕ್ಷಣಗಳನ್ನು ಒಟ್ಟಿಗೆ ನೋಡಬೇಕು.

ತಲೆಯ ಮೇಲೆ ಗಾಜಿನ ಗುಳ್ಳೆಯಂತೆ ಒಂದು ಟೊಪ್ಪಿಗೆ ಇರುತ್ತದೆ. ಹಿಂದೆ ಅಗಲವಾಗಿ ಮುಂದೆ ಕಿರಿದಾಗಿ ತಲೆಯನ್ನು ಮುಚ್ಚಿಕೊಂಡಿರುವ ಈ ಟೊಪ್ಪಿಗೆಯೇ ಮೊದಲು ಹೇಳಿದ ಕಿರೀಟ. ಕೊಪ್ಪೆ ಹೊದ್ದು ಮಳೆಯಲ್ಲಿ ನಿಂತ ಆಳನ್ನು ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತಾನೋ ಹಾಗೆ. ಟೊಪ್ಪಿಗೆಯ ಹಿಂದೆ, ಬೆನ್ನಿನ ನಡುಗೆರೆಯಲ್ಲಿ ಒಂದು ತೆಳು ಏಣು ಎಲೆಯಂತೆ ನೆಟ್ಟಗೆ ಎದ್ದಿರುತ್ತದೆ. ಕೀಟವನ್ನು ಪಕ್ಕದಿಂದ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಎದೆಯ ಎರಡು ಪಕ್ಕಗಳೂ ಅಗಲವಾಗಿ ಚಾಚಿ ಮೊರದ ಅಂಚಿನಂತೆ ಮೇಲಕ್ಕೆ ಬಾಗಿರುತ್ತವೆ. ಕೊನೆಯದಾಗಿ, ರೆಕ್ಕೆಗಳು ಮೈಗಿಂತ ಬಹಳ ಅಗಲ, ಗಾಜಿನಂತೆ ಪಾರದರ್ಶಕ, ಅಲ್ಲಲ್ಲಿ ಕಂದು ಛಾಯೆ, ನಡುವೆ ಒಂದು ಭಾಗ ಉಬ್ಬಿಕೊಂಡಿರುತ್ತದೆ. ರೆಕ್ಕೆಯಡಿಯ ಮೈ ಕಪ್ಪಾಗಿಯೂ ಕಾಲು, ಮೀಸೆಗಳು ತಿಳಿಹಳದಿಯಾಗಿಯೂ ಇರುತ್ತವೆ. ಒಟ್ಟು ಉದ್ದ ಸುಮಾರು 4 ಮಿಲಿಮೀಟರ್.

ಮರಿಗಳಿಗೆ ರೆಕ್ಕೆಯಿಲ್ಲ, ಟೊಪ್ಪಿಗೆಯೂ ಇಲ್ಲ. ಕೃಷಿ ಪುಸ್ತಕಗಳಲ್ಲಿ ಇವನ್ನು ‘ಅಪ್ಸರೆ’ಗಳೆಂದು ಕರೆಯುತ್ತಾರೆ. ಹೆಸರು ಕೇಳಿ ಮೋಸಹೋಗಬೇಡಿ, ಮೈಯೆಲ್ಲ ಮುಳ್ಳು. ಐದು ಬಾರಿ ಪೊರೆ ಕಳಚಿ ಅವು ದೊಡ್ಡವಾಗುತ್ತವೆ. ಹೆಣ್ಣು ತನ್ನ ಮೊಟ್ಟೆಗಳನ್ನು ಎಲೆಯ ಅಡಿಭಾಗದ ತಿರುಳಿನೊಳಗೆ ತೂರಿಸಿ, ಮೇಲೆ ಹಿಕ್ಕೆಯ ಕಪ್ಪು ಮುಚ್ಚಳ ಹಾಕುತ್ತದೆ. ಆದ್ದರಿಂದ ಮೊಟ್ಟೆ ಬರಿಗಣ್ಣಿಗೆ ಕಾಣಿಸುವುದಿಲ್ಲ, ಮೇಲೆ ಸಿಂಪಡಿಸಿದ ಔಷಧವೂ ಅದಕ್ಕೆ ಸುಲಭವಾಗಿ ತಾಗುವುದಿಲ್ಲ. ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಸುಮಾರು ಮೂರರಿಂದ ನಾಲ್ಕು ವಾರ. ಒಮ್ಮೆ ಸಿಂಪಡಿಸಿ ಹದಿನೈದು ದಿನಕ್ಕೆ ಮತ್ತೆ ತಿಗಣೆ ಕಂಡಾಗ ‘ಔಷಧ ಕಲಬೆರಕೆ’ ಎಂದು ಅಂಗಡಿಯವನೊಡನೆ ಜಗಳವಾಡುವವರು ಈ ಲೆಕ್ಕವನ್ನು ಗಮನದಲ್ಲಿಡುವುದು ಒಳ್ಳೆಯದು.

ಮನೆಯಂಗಳದಲ್ಲೇ ಅಭ್ಯಾಸ

ಒಂದನ್ನು ಗುರುತಿಸಬೇಕಾದರೆ ಅದರಂತಿರುವ ನಾಲ್ಕನ್ನು ನೋಡಿರಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ.

ತುಳಸಿಕಟ್ಟೆಯ ಗಿಡ ಎಲೆ ಮುರುಟಿ, ಕಪ್ಪು ಚುಕ್ಕೆ ಬಿದ್ದು ಒಣಗುತ್ತಿದ್ದರೆ ಎಲೆಯನ್ನು ತಿರುಗಿಸಿ ನೋಡಿ. ಅಲ್ಲಿರುವುದು ಜಾಲರಿ ತಿಗಣೆಯೇ. ಆದರೆ ಕುಲ ‘ಕಾಕ್ಲೊಕೈಲ’. ಇದು ಕಂದು ಬಣ್ಣದ್ದು. ಇದರ ಎದೆಯ ಪಕ್ಕಗಳು ಮೊರದಂತೆ ಚಾಚಿಕೊಳ್ಳದೆ ಎರಡು ಗುಳ್ಳೆಗಳಾಗಿ ಬೆನ್ನಿನ ಮೇಲಕ್ಕೆ ಮಡಿಚಿಕೊಂಡಿರುತ್ತವೆ. ಹಿತ್ತಲಿನ ಬದನೆ ಗಿಡದಲ್ಲಿ ಕಾಣುವುದು ‘ಯುರೆಂಟಿಯಸ್’ ಕುಲದ್ದು. ಇದರಲ್ಲಿ ಮರಿಗೆ ಮಾತ್ರವಲ್ಲ, ದೊಡ್ಡದಕ್ಕೂ ಮೈ ಮೇಲೂ ರೆಕ್ಕೆಯ ಅಂಚಿನಲ್ಲೂ ಮುಳ್ಳುಗಳಿರುತ್ತವೆ, ಒಣಹುಲ್ಲಿನ ಬಣ್ಣ. ಮಲ್ಲಿಗೆಯ ಎಲೆಯಡಿಯಲ್ಲಿ ‘ಕೊರಿತಾಮ’ ಕುಲದ ‘ಅಯ್ಯರಿ’ ಎಂಬ ಪ್ರಭೇದ ಸಿಗಬಹುದು. ಕೊಯಮತ್ತೂರಿನ ಕೀಟಶಾಸ್ತ್ರಜ್ಞ ಟಿ. ವಿ. ರಾಮಕೃಷ್ಣ ಅಯ್ಯರ್ ಅವರ ಹೆಸರನ್ನು ಹೊತ್ತ ಈ ದಕ್ಷಿಣ ಭಾರತದ ಕೀಟ ಈಗ ಮಲ್ಲಿಗೆ ಗಿಡಗಳೊಂದಿಗೆ ಇಸ್ರೇಲ್, ಇಟಲಿಗಳವರೆಗೂ ಹೋಗಿದೆ. ಇದಕ್ಕೂ ಟೊಪ್ಪಿಗೆ ಇರುವುದರಿಂದ ಸ್ಟೆಫನೈಟಿಸ್ ಎಂದು ಭ್ರಮೆಯಾಗುವುದುಂಟು. ಯಾವ ಗಿಡದಿಂದ ತೆಗೆದದ್ದೆಂಬುದನ್ನು ಬರೆದಿಟ್ಟುಕೊಳ್ಳಬೇಕಾದ್ದು ಇಂತಹ ಕಡೆ ಬಹಳ ಮುಖ್ಯ.

ಬೇಲಿಯ ಲಂಟಾನದ ಮೇಲಿರುವ ಜಾಲರಿ ತಿಗಣೆಯ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಕುಲ ‘ಟೆಲಿಯೊನೀಮಿಯ’. ಕಿರಿದಾದ ಉದ್ದ ಮೈ, ಮಂಕು ಕಂದು ಬಣ್ಣ, ದಪ್ಪ ಮೀಸೆ, ತಲೆಯ ಮೇಲೆ ಗುಳ್ಳೆಯಿಲ್ಲ. ಲಂಟಾನವನ್ನು ನಾಶ ಮಾಡಲೆಂದೇ 1941ರಲ್ಲಿ ಇದನ್ನು ಆಸ್ಟ್ರೇಲಿಯದಿಂದ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ತರಿಸಿದರು. ಹೊರಗೆ ಬಿಡುವ ಮೊದಲು ಪರೀಕ್ಷೆ ಮಾಡುವಾಗ ಅದು ತೇಗದ ಹೂವನ್ನೂ ಹೀರುವುದು ಕಂಡುಬಂತು. ತೇಗಕ್ಕೆ ಅಪಾಯವೆಂದು ತಂದ ಕೀಟವನ್ನೆಲ್ಲ ನಾಶ ಮಾಡಿದರು. ಆದರೂ ಹತ್ತು ವರ್ಷದ ನಂತರ, 1951ರಲ್ಲಿ, ಅದೇ ತಿಗಣೆ ಡೆಹ್ರಾಡೂನಿನ ಸುತ್ತಲಿನ ಲಂಟಾನದ ಮೇಲೆ ಸಿಕ್ಕಿತು, ಹೇಗೋ ತಪ್ಪಿಸಿಕೊಂಡಿತ್ತು. ಆಮೇಲೆ ದೇಶದ ಹಲವೆಡೆ ಹರಡಿತು. ಲಂಟಾನವಂತೂ ಹಾಗೆಯೇ ಇದೆ. ಬೇಲಿಯ ಲಂಟಾನದಲ್ಲಿ ಇದನ್ನು ಕಂಡು ನಾಳೆ ಬಾಳೆಗೆ ಬರುತ್ತದೆಂದು ಬೇಲಿಗೆ ಔಷಧ ಹೊಡೆಯಬೇಕಾಗಿಲ್ಲ. ಬಾಳೆಯ ತಿಗಣೆ ಬೇರೆ, ಬೇಲಿಯ ತಿಗಣೆ ಬೇರೆ.

ಸ್ಟೆಫನೈಟಿಸ್ ಟೈಪಿಕಾ ಇಷ್ಟಪಡುವ ಗಿಡಗಳು ಬಾಳೆ, ತೆಂಗು, ಏಲಕ್ಕಿ, ಅರಿಶಿನ ಮತ್ತು ಇವುಗಳ ಬಳಗ. ನಮ್ಮ ಅಡಿಕೆ ತೋಟದ ಉಪಬೆಳೆಗಳ ಪಟ್ಟಿಯೂ ಇದೇ ಎಂಬುದನ್ನು ಗಮನಿಸಿ.

ಕಳ್ಳರ ನಡುವೆ ಕುಳಿತ ಕಾವಲುಗಾರ

ಈ ಪಾಠದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಜಾಲರಿ ತಿಗಣೆಗಳ ಗುಂಪನ್ನು ಕನ್ನಡಿಯಿಂದ ನೋಡುವಾಗ, ಅವುಗಳ ನಡುವೆಯೇ ಹೆಚ್ಚು ಕಡಿಮೆ ಅದೇ ಗಾತ್ರದ ಇನ್ನೊಂದು ತಿಗಣೆ ಇರುತ್ತದೆ. ಬಣ್ಣದಲ್ಲೂ ಮೊದಲ ನೋಟಕ್ಕೆ ಹಾಗೆಯೇ ಕಾಣುತ್ತದೆ. ಇದರ ಕುಲ ‘ಸ್ಟೆಥೊಕೋನಸ್’. ನಮ್ಮಲ್ಲಿರುವುದು ‘ಪ್ರಿಫೆಕ್ಟಸ್’ ಎಂಬ ಪ್ರಭೇದ. ಇದು ಸಸ್ಯದ ರಸ ಹೀರುವುದಿಲ್ಲ. ಜಾಲರಿ ತಿಗಣೆಗೇ ಮೂತಿ ಚುಚ್ಚಿ ಅದರ ರಸ ಹೀರುತ್ತದೆ. ಕಾಸರಗೋಡಿನ ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ತೆಂಗಿನ ತೋಟಗಳಲ್ಲಿ ಅಭ್ಯಾಸ ಮಾಡಿದ್ದಾರೆ. ಈ ಕುಲದ ಇನ್ನೊಂದು ಪ್ರಭೇದ ಜಪಾನಿನದು. ಅಜೇಲಿಯದ ಜಾಲರಿ ತಿಗಣೆ ಅಮೆರಿಕಕ್ಕೆ ಹೋಗಿ ಎಷ್ಟೋ ವರ್ಷಗಳಾದ ಮೇಲೆ, 1985ರಲ್ಲಿ, ಈ ಬೇಟೆಗಾರನೂ ಅಲ್ಲಿನ ಮೇರಿಲ್ಯಾಂಡ್ ರಾಜ್ಯದಲ್ಲಿ ಕಾಣಿಸಿಕೊಂಡಿತು. ಬೇಟೆ ಹೋದಲ್ಲಿಗೆ ಬೇಟೆಗಾರ.

ಇದನ್ನು ಗುರುತಿಸುವುದು ಹೇಗೆ? ತಲೆಯ ಮೇಲೆ ಗುಳ್ಳೆಯಿಲ್ಲ. ತಲೆ, ಕಣ್ಣುಗಳು ಬಯಲಾಗಿ ಕಾಣುತ್ತವೆ. ರೆಕ್ಕೆಯಲ್ಲಿ ಜಾಲರಿಯ ಮನೆಗಳಿಲ್ಲ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಕಡ್ಡಿಯದು: ಒಂದು ಹುಲ್ಲುಕಡ್ಡಿಯಿಂದ ಗುಂಪನ್ನು ಮೆಲ್ಲಗೆ ಮುಟ್ಟಿ. ಜಾಲರಿ ತಿಗಣೆ ನಿಧಾನವಾಗಿ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಕೂರುತ್ತದೆ. ಬೇಟೆಗಾರ ಸರಕ್ಕನೆ ಓಡುತ್ತದೆ. ಇದರ ಮರಿಗಳಿಗೂ ಮೈ ಮೇಲೆ ಆ ದಟ್ಟ ಮುಳ್ಳುಗಳಿರುವುದಿಲ್ಲ, ಓಟ ಮಾತ್ರ ಜೋರು.

ತೀಕ್ಷ್ಣ ಔಷಧ ಸಿಂಪಡಿಸಿದರೆ ಓಡಾಡುವ ಬೇಟೆಗಾರ ಮೊದಲು ಸಾಯುತ್ತದೆ. ಎಲೆಯೊಳಗಿನ ಜಾಲರಿ ತಿಗಣೆಯ ಮೊಟ್ಟೆಗಳು ಉಳಿಯುತ್ತವೆ. ಎರಡು ವಾರ ಕಳೆದು ಮರಿಗಳು ಹೊರಬಂದಾಗ ಅವನ್ನು ತಿನ್ನುವವರು ಯಾರೂ ಇರುವುದಿಲ್ಲ. ಔಷಧಕ್ಕೆ ಕೊಟ್ಟ ಹಣದಿಂದ ತಿಗಣೆಯನ್ನೇ ಸಾಕಿದಂತಾಗುತ್ತದೆ.

ಅಡಿಕೆ, ತೆಂಗಿನಲ್ಲಿ ಆಗುವ ತಪ್ಪು ಗುರುತುಗಳು

ಅಡಿಕೆಯ ಸುಳಿಯಲ್ಲಿ ತಿಗಣೆ ಕಂಡರೆ ಅದು ಜಾಲರಿ ತಿಗಣೆಯಲ್ಲ. ಅದು ‘ಸುಳಿ ತಿಗಣೆ’. 1957ರಲ್ಲಿ ಹೆಸರು ಪಡೆದ ‘ಕಾರ್ವಾಲ್ಹೊಯಿಯ ಅರೆಕೆ’. ಕೆಂಪು ಕಪ್ಪು ಮಿಶ್ರಿತ ಹೊಳಪಿನ ಮೈ, ಎಲೆಯ ಬಯಲಿನಲ್ಲಿ ಕೂರದೆ ಮೇಲಿನ ಸೋಗೆಯ ಕಂಕುಳಲ್ಲಿ ಅಡಗಿರುವ ಸ್ವಭಾವ. ಬಿಚ್ಚಿಕೊಂಡ ಸೋಗೆಯಲ್ಲಿ ಉದ್ದುದ್ದ ಕಂದು ಗೀರುಗಳಾಗಿ, ಅವು ಒಣಗಿ ಉದುರಿ ಎಲೆ ಹರಕಾಗುತ್ತದೆ. ಇದು ಸಸಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುವುದರಿಂದ ಇದಕ್ಕೆ ಕ್ರಮ ಬೇಕು. ಹಿಂದೆ ಇದಕ್ಕೆ ಫೊರೇಟ್ ಹರಳನ್ನು ಪೊಟ್ಟಣ ಕಟ್ಟಿ ಕಂಕುಳಲ್ಲಿಡುವ ಶಿಫಾರಸು ಇತ್ತು. 2020ರ ಡಿಸೆಂಬರ್ 31ರಿಂದ ಫೊರೇಟ್ ಬಳಕೆ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಮನೆಯ ಅಟ್ಟದಲ್ಲಿ ಹಳೆಯ ಕೈಪಿಡಿಯೂ ಹಳೆಯ ಡಬ್ಬಿಯೂ ಇದ್ದವರು ಎರಡನ್ನೂ ನಂಬಬೇಡಿ.

ಅಡಿಕೆ ಸೋಗೆಯ ಅಡಿಯಲ್ಲಿ ಕೆಂಪು ಪುಡಿಯಂತೆ ಕಾಣುವುದು ನುಸಿ. ಕನ್ನಡಿಯಲ್ಲಿ ಎಂಟು ಕಾಲು ಎಣಿಸಬಹುದು, ತಿಗಣೆಗೆ ಆರೇ. ಅಡಿಕೆಯ ಹಳದಿ ಎಲೆ ರೋಗದಲ್ಲಿ ಬಿಳಿ ಚುಕ್ಕೆ, ಹಿಕ್ಕೆ ಯಾವುದೂ ಇರುವುದಿಲ್ಲ. ಎಲೆಯ ತುದಿಯಿಂದ ಹಳದಿ ಇಳಿಯುತ್ತದೆ. ಅದನ್ನು ಸಾಗಿಸುವುದು ‘ಪ್ರೌಟಿಸ್ಟ’ ಎಂಬ ಜಿಗಿಹುಳು, ಜಾಲರಿ ತಿಗಣೆಯಲ್ಲ. ಏಲಕ್ಕಿಯ ಕಟ್ಟೆ ರೋಗವನ್ನೂ ಬಾಳೆಯ ಗೊಂಚಲು ತುದಿ ರೋಗವನ್ನೂ ಹರಡುವುದು ಹೇನು. ಪೊಟ್ಯಾಷ್ ಕೊರತೆಯಾದರೆ ಬಾಳೆಯ ಹಳೆಯ ಎಲೆ ತುದಿ, ಅಂಚುಗಳಿಂದ ಕಿತ್ತಳೆ ಹಳದಿಯಾಗುತ್ತದೆ, ಅಡಿಯಲ್ಲಿ ಯಾವ ಕೀಟವೂ ಇರುವುದಿಲ್ಲ.

ತೆಂಗು ಮತ್ತು ಬಾಳೆಯ ಎಲೆಯಡಿಯಲ್ಲಿ ಬಿಳಿಯ ಮೇಣದ ಸುರುಳಿಗಳೂ ಮೇಲೆ ಕಾಡಿಗೆಯಂತಹ ಕಪ್ಪು ಬೂಷ್ಟೂ ಕಂಡರೆ ಅದು 2016ರಲ್ಲಿ ದಕ್ಷಿಣ ಭಾರತಕ್ಕೆ ಬಂದು ಸೇರಿದ ಸುರುಳಿ ಬಿಳಿನೊಣ. ಚನ್ನರಾಯಪಟ್ಟಣದ ತೆಂಗು ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಾಲರಿ ತಿಗಣೆ ಇದ್ದಲ್ಲಿ ಕಾಡಿಗೆ ಬೂಷ್ಟು ಹಿಡಿಯುವುದಿಲ್ಲ; ಬೀಳುವುದು ಬಿಡಿ ಬಿಡಿ ಕಪ್ಪು ಹಿಕ್ಕೆಯ ಚುಕ್ಕೆ. ಬೆರಳಿನಿಂದ ಉಜ್ಜಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಬೋರ್ಡೋ ದ್ರಾವಣದ ವಿಚಾರವನ್ನೂ ಇಲ್ಲೇ ಹೇಳಿಬಿಡಬೇಕು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಅದಕ್ಕೆ ಈ ದ್ರಾವಣವನ್ನು ಬಳಕೆಗೆ ತಂದರು. ಅಂದಿನಿಂದ ಅದು ತೋಟಿಗರ ಮನೆಮದ್ದಾಗಿದೆ. ಶಿಲೀಂಧ್ರಕ್ಕೆ ಅದು ಒಳ್ಳೆಯದು. ತಿಗಣೆಗೆ ಅದರಿಂದ ಏನೂ ಆಗುವುದಿಲ್ಲ. ಮೈಲುತುತ್ತ ಈಗಿನ ಬೆಲೆಯಲ್ಲಿ ತಿಗಣೆಗೆ ಸ್ನಾನ ಮಾಡಿಸಲು ತರುವಷ್ಟು ಅಗ್ಗದ ವಸ್ತುವೂ ಅಲ್ಲ.

ತೆಂಗಿನ ವಿಷಯದಲ್ಲಿ ಎಚ್ಚರಿಕೆ

ಬಾಳೆಯಲ್ಲಿ ಜಾಲರಿ ತಿಗಣೆ ಸಣ್ಣ ಕೀಟವಾದರೂ ತೆಂಗಿನಲ್ಲಿ ಅದಕ್ಕೆ ಇನ್ನೊಂದು ಮುಖವಿದೆ. ಕೇರಳದಲ್ಲಿ ‘ಬೇರು ಸೊರಗು ರೋಗ’ ಎಂಬುದು 1882ರ ದೊಡ್ಡ ನೆರೆಯ ನಂತರ ಈರಾಟ್ಟುಪೇಟೆಯ ಕಡೆ ಮೊದಲು ಕಾಣಿಸಿಕೊಂಡಿತೆಂದು ದಾಖಲೆಯಿದೆ. ಅಲ್ಲಿನ ದಕ್ಷಿಣದ ಜಿಲ್ಲೆಗಳಲ್ಲಿ ಹರಡಿ, ತಮಿಳುನಾಡಿನ ಗಡಿ ಭಾಗಗಳಿಗೂ ಬಂದಿದೆ. ಈ ರೋಗದಲ್ಲಿ ಮರ ತಟ್ಟನೆ ಸಾಯುವುದಿಲ್ಲ. ಗರಿಗಳು ಬಿಗಿ ಕಳೆದುಕೊಂಡು ಪಕ್ಕೆಲುಬಿನಂತೆ ಒಳಕ್ಕೆ ಬಾಗುತ್ತವೆ, ಹಳದಿಯಾಗಿ ಅಂಚು ಒಣಗುತ್ತವೆ, ಕಾಯಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕಾರಣ ಫೈಟೊಪ್ಲಾಸ್ಮ ಎಂಬ ಅತಿ ಸೂಕ್ಷ್ಮ ಜೀವಿ. ಮರದಿಂದ ಮರಕ್ಕೆ ಅದನ್ನು ಸಾಗಿಸುವ ಕೀಟಗಳಲ್ಲಿ ಸ್ಟೆಫನೈಟಿಸ್ ಟೈಪಿಕಾ ಒಂದೆಂದು ಕಾಯಂಕುಳಂ ಕೇಂದ್ರದ ಸಂಶೋಧಕರು 1980ರ ದಶಕದ ಪ್ರಯೋಗಗಳಿಂದ ತೋರಿಸಿದರು. ಸಾಮಾನ್ಯವಾಗಿ ಜಾಲರಿ ತಿಗಣೆಗಳು ಎಲೆಯ ತಿರುಳಿನ ರಸವನ್ನಷ್ಟೇ ಹೀರುತ್ತವೆ. ರೋಗಾಣು ಇರುವುದು ಆಹಾರ ಸಾಗಿಸುವ ನಾಳಗಳಲ್ಲಿ. ಈ ಪ್ರಭೇದದ ಮೂತಿಸೂಜಿ ತೆಂಗಿನ ಎಲೆಯಲ್ಲಿ ಆ ನಾಳದವರೆಗೂ ಇಳಿಯುತ್ತದೆಂಬುದು ಆ ಸಂಶೋಧನೆಯ ಮುಖ್ಯ ಅಂಶ.

ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ತಿಗಣೆ ತಾನಾಗಿ ರೋಗವನ್ನು ಹುಟ್ಟಿಸುವುದಿಲ್ಲ. ರೋಗದ ಮರ ಹತ್ತಿರವಿದ್ದರೆ ಮಾತ್ರ ಸಾಗಿಸೀತು. ಬಸ್ಸು ನಮ್ಮ ಊರಿನಲ್ಲಿ ಮೊದಲೇ ಇದೆ, ಪ್ರಯಾಣಿಕನನ್ನು ನಾವಾಗಿ ಕರೆತರಬಾರದು, ಅಷ್ಟೇ. ಆದ್ದರಿಂದ ಕಾಯಿ ದೊಡ್ಡದೆಂದೋ ಬೆಲೆ ಕಡಿಮೆಯೆಂದೋ ಲಾರಿಯಲ್ಲಿ ಬರುವ, ಮೂಲ ತಿಳಿಯದ ತೆಂಗಿನ ಸಸಿಗಳನ್ನು ಕೊಳ್ಳಬೇಡಿ. ತೋಟಗಾರಿಕೆ ಇಲಾಖೆಯ ಅಥವಾ ಪರಿಚಯದ ನರ್ಸರಿಯ ಸಸಿಗಳನ್ನೇ ತನ್ನಿ.

ಕಾಫಿ ಮತ್ತು ಮೆಣಸು

ನಮ್ಮ ಕಾಫಿಯ ಮುಖ್ಯ ಶತ್ರುಗಳಾದ ಕಾಂಡಕೊರಕ, ಬೆರ್ರಿ ಬೋರರ್, ಹಿಟ್ಟುತಿಗಣೆ, ಹಸಿರು ಶಲ್ಕಕೀಟಗಳ ಸಾಲಿನಲ್ಲಿ ಜಾಲರಿ ತಿಗಣೆ ಇಲ್ಲ. ಪೂರ್ವ ಆಫ್ರಿಕದ ಕೀನ್ಯ ಮುಂತಾದ ಕಡೆ ‘ಹಬ್ರೊಕೈಲ’ ಎಂಬ ಬೇರೆ ಕುಲದ್ದು ಕಾಫಿ ಎಲೆಯನ್ನು ಇದೇ ರೀತಿ ಬಿಳಿಚಿಸುತ್ತದೆ. ಇಂಡೋನೇಷ್ಯದ ಬಂಕಾ ದ್ವೀಪದಲ್ಲಿ ‘ಡೈಕೊನೊಕೊರಿಸ್’ ಕುಲದ್ದು ಮೆಣಸಿನ ಹೂತೆನೆಗೆ ಬೀಳುತ್ತದೆ. ಬಾಳೆಯ ತಿಗಣೆ ಕಾಫಿಗೆ ದಾಟುತ್ತದೆಂಬ ಭಯದಿಂದ, ಅದೂ ಕಾಫಿ ಹೂವಾಗಿ ಜೇನು ಹಾರಾಡುವ ಸಮಯದಲ್ಲಿ, ತೋಟದಲ್ಲಿ ಔಷಧ ಹೊಡೆಯುವುದು ನಷ್ಟದ ಕೆಲಸ.

ಹತೋಟಿ

ಫೆಬ್ರವರಿಯಿಂದ ಮೇವರೆಗೆ ಈ ತಿಗಣೆಯ ಸಂಖ್ಯೆ ಏರುತ್ತದೆ, ಮುಂಗಾರು ಹಿಡಿದ ಮೇಲೆ ತಾನಾಗಿ ಇಳಿಯುತ್ತದೆ. ಗೊನೆಗಾಗಿ ಬೆಳೆದ ಬಾಳೆಯಲ್ಲಿ ಕೆಳಗಿನ ಮೂರು ನಾಲ್ಕು ಎಲೆಗಳಿಗೆ ಮಾತ್ರ ಹಾನಿಯಿದ್ದರೆ ಆ ಎಲೆಗಳನ್ನು ಕೊಯ್ದು, ತಿಗಣೆ ಹಾರುವ ಮೊದಲೇ ಬೆಳಗಿನ ಹೊತ್ತು ಗೊಬ್ಬರದ ಗುಂಡಿಯಲ್ಲಿ ಮುಚ್ಚಿದರೆ ಸಾಕು. ಒತ್ತಾಗಿ ಬೆಳೆದ ಕಂದುಗಳನ್ನು ತೆಗೆದು ಗಾಳಿ ಆಡುವಂತೆ ಮಾಡಿ. ನೀರಿನ ಅನುಕೂಲವಿದ್ದವರು ಪೈಪಿನಿಂದ ಎಲೆಯ ಅಡಿಗೆ ರಭಸವಾಗಿ ನೀರು ಹಾಯಿಸಿದರೆ ಮರಿಗಳು ಉದುರುತ್ತವೆ. ಉದುರಿದವು ಮತ್ತೆ ಮೇಲೇರುವುದು ಕಡಿಮೆ.

ಊಟದ ಎಲೆಗಾಗಿ ಬಾಳೆ ಬೆಳೆಯುವವರ ಪಾಡು ಬೇರೆ. ಚುಕ್ಕೆ ಬಿದ್ದ, ಹಿಕ್ಕೆ ಹತ್ತಿದ ಎಲೆಯನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಮದುವೆಯ ಕಾಲವೂ ತಿಗಣೆಯ ಕಾಲವೂ ಒಂದೇ ಆಗಿರುವುದು ಅವರ ದುರದೃಷ್ಟ. ಹಾಗೆಂದು ಎಲೆಗೆ ವಿಷ ಹೊಡೆದು ಮೂರನೆಯ ದಿನ ಕೊಯ್ದು ಮಾರಿದರೆ ಅದರ ಮೇಲೆ ಬಿಸಿ ಅನ್ನ, ಸಾರು ಬೀಳುತ್ತದೆಂಬುದನ್ನು ಮರೆಯಬಾರದು. ಅದೇ ಎಲೆಯಲ್ಲಿ ನಮ್ಮ ಮಕ್ಕಳೂ ಉಣ್ಣುತ್ತಾರೆ. ಇಂತಹವರು ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ಬೆರೆಯಲು ಬೇಕಾದಷ್ಟು ಸೋಪು ಸೇರಿಸಿ, ಎಲೆಯ ಅಡಿ ಪೂರ್ತಿ ನೆನೆಯುವಂತೆ ಸಂಜೆ ಸಿಂಪಡಿಸಲಿ. ಮೊಟ್ಟೆಯೊಡೆದು ಬರುವ ಮರಿಗಳಿಗಾಗಿ ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ ಮಾಡಲಿ. ನಳಿಕೆಯ ಮೂತಿ ಮೇಲ್ಮುಖವಾಗಿರಲಿ. ಮೇಲಿನಿಂದ ಸುರಿದದ್ದು ತಿಗಣೆಗೆ ಕೊಡೆಯ ಮೇಲೆ ಬಿದ್ದ ಮಳೆಯಂತೆ. ಇದರಿಂದಲೂ ತಗ್ಗದಷ್ಟು ತೀವ್ರವಾಗಿದ್ದರೆ ಮಾತ್ರ ಮಾದರಿ ತೋರಿಸಿ, ಬಾಳೆಗೆ ಈಗ ಅನುಮತಿಯಿರುವ ಔಷಧ ಯಾವುದು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಕೇಳಿ ತಿಳಿದುಕೊಳ್ಳಿ.

ಮಾದರಿ ಕಳಿಸುವ ಬಗೆ

ಕೀಟವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು ಬಂದರೆ ತಲುಪುವ ಹೊತ್ತಿಗೆ ಪುಡಿಯಾಗಿರುತ್ತದೆ. ರೆಕ್ಕೆ, ಗುಳ್ಳೆಗಳು ಮುರಿದ ಮೇಲೆ ಕುಲ ಹೇಳುವುದು ಯಾರಿಂದಲೂ ಆಗದು. ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ಅನ್ನು ಸಣ್ಣ ಬಾಟಲಿಗೆ ಹಾಕಿ, ಒದ್ದೆ ಕುಂಚದ ತುದಿಯಿಂದ ಹತ್ತು ಹನ್ನೆರಡು ರೆಕ್ಕೆಯ ತಿಗಣೆ, ಐದಾರು ಮರಿ, ಜೊತೆಗೆ ಸರಕ್ಕನೆ ಓಡುವವು ಸಿಕ್ಕರೆ ಒಂದೆರಡನ್ನು ಅದರೊಳಗೆ ಬಿಡಿ. ಹಾನಿಯಾದ ಎಲೆಯ ತುಂಡನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ಬೇರೆಯಾಗಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಕೊಳೆಯುತ್ತದೆ. ಬಾಟಲಿಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ, ಶಾಯಿಯಾದರೆ ಸ್ಪಿರಿಟಿನಲ್ಲಿ ಕರಗಿ ಹೋಗುತ್ತದೆ. ಚೀಟಿಯಲ್ಲಿ ಊರು, ಹೋಬಳಿ, ತಾರೀಖು, ಯಾವ ಗಿಡ, ಎಲೆಯ ಯಾವ ಭಾಗ, ಹಿಂದಿನ ಒಂದು ತಿಂಗಳಲ್ಲಿ ಏನೇನು ಸಿಂಪಡಿಸಿದ್ದೀರಿ ಎಂಬುದಿರಲಿ. ಕೊನೆಯದನ್ನು ಮುಚ್ಚಿಡಬೇಡಿ. ಕಾರೇಕೆರೆಯ ಕೃಷಿ ಕಾಲೇಜು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ, ಇವುಗಳಲ್ಲಿ ಹತ್ತಿರವಾದಲ್ಲಿ ತೋರಿಸಬಹುದು. ಸಂತೆಯ ದಿನ ತಾಲ್ಲೂಕು ಕೇಂದ್ರಕ್ಕೆ ಹೋಗುವವರು ಬೆಳಿಗ್ಗೆಯೇ ಮೊದಲು ಕಚೇರಿಗೆ ಹೋಗಿ ಆಮೇಲೆ ಸಂತೆಗೆ ಹೋಗುವುದು ಅನುಕೂಲ. ಮಧ್ಯಾಹ್ನದ ಮೇಲೆ ಅಧಿಕಾರಿಗಳು ಹಳ್ಳಿಗಳ ಕಡೆ ಹೊರಟಿರುತ್ತಾರೆ.